ಜನಕಪುರಿಯಿಂದ ಜಲಜನಕ ಮಹಾಶಯರಿಗೆ

ಶ್ರೀಮಾನ್ ಹೈಡ್ರೋಜನ್ ಅವರಿಗೆ,


ಈಗಷ್ಟೇ ಮನೆಗೆ ಬಂದೆ. ಕೈಕಾಲು ಕೂಡ ತೊಳೆಯದೆ ಬರೆಯುತ್ತಿದ್ದೇನೆ, ಸಿಟ್ಟು ಆರುವ ಮೊದಲು ಮುಗಿಸಬೇಕು. ಇಲ್ಲಿ ದೆಹಲಿಯ ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ನಾಟಕ ನೋಡೋಣವೆಂದು ಬಸ್ಸಿಗೆ ಕಾದೆ, ಬರಲಿಲ್ಲ. ಆಟೊ ಹತ್ತಿದೆ. ಪಂಖಾ ರೋಡ್ ದಾಟುವ ಮೊದಲೇ ಆಟೊದವನು 'ದೋ ಮಿನಟ್, ಅಂಕಲ್‌ಜೀ' ಎಂದು ಸಿಎನ್‌ಜಿ ಕ್ಯೂಗೆ ತಿರುಗಿಸಿದ. ಕ್ಯೂಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಕೊನೆಗೆ ನಮ್ಮ ಸರದಿ ಬಂದಾಗ ಪಂಪಿನವನು 'ಪ್ರೆಷರ್ ಇಲ್ಲ' ಅಂದ. ನಾಟಕ ಹೋಯಿತು. ಪಂಪಿನ ಗೋಡೆಯ ಮೇಲಿನ ಜಾಹೀರಾತಿನಲ್ಲಿ ಹಸಿರು ಎಲೆ, ನೀಲಿ ಹನಿಯ ನಡುವೆ ನೀವು ನಗುತ್ತಿದ್ದಿರಿ: ನಾಳೆಯ ಇಂಧನ!

ನಿಮ್ಮ ನಾಳೆ ಯಾವಾಗ ಸ್ವಾಮಿ? 2006ರ ರಾಷ್ಟ್ರೀಯ ಹೈಡ್ರೋಜನ್ ಮಾರ್ಗನಕ್ಷೆಯಲ್ಲಿ, 2020ರೊಳಗೆ ನಿಮ್ಮಿಂದ ಓಡುವ ಹತ್ತು ಲಕ್ಷ ವಾಹನ ಎಂದು ಬರೆದಿತ್ತು. 2012ರಲ್ಲಿ ಪ್ರಗತಿ ಮೈದಾನದಲ್ಲಿ ಹದಿನೈದು ಆಟೊ ಓಡಿಸಿದಿರಿ. 2020ರಲ್ಲಿ ರಾಜ್‌ಘಾಟ್ ಡಿಪೊದ 50 ಬಸ್ಸುಗಳಿಗೆ, ಸಿಎನ್‌ಜಿಯಲ್ಲಿ ಶೇ. 18ರಷ್ಟು ಬೆರೆತು ಬಂದಿರಿ. 2022ರಲ್ಲಿ ರಸ್ತೆ ಸಾರಿಗೆ ಸಚಿವ ಗಡ್ಕರಿಯವರನ್ನು ಕಾರಿನಲ್ಲಿ ಕೂರಿಸಿಕೊಂಡು ಸಂಸತ್ತಿಗೆ ಹೋದಿರಿ. 2023ರಲ್ಲಿ ಕರ್ತವ್ಯಪಥದಲ್ಲಿ ಬಸ್ಸು, ಮತ್ತೆ ಹಸಿರು ಬಾವುಟ. ಉಂಡು ಕೈತೊಳೆದು ಹೊರಡುವ ನೆಂಟನ ಹಾಗೆ ಬರುತ್ತೀರಿ, ಹೋಗುತ್ತೀರಿ. ಬಾವುಟ ಮಾತ್ರ ಇಲ್ಲೇ ಉಳಿಯುತ್ತದೆ.

ನಿಮ್ಮ ಬಸ್ಸಿನಿಂದ ಹೊಗೆಯಿಲ್ಲ, ಬರೀ ನೀರು, ಕಿಲೋಗೆ ಒಂಬತ್ತು ಲೀಟರ್ ಅಂತೆ. ದಯವಿಟ್ಟು ನಮ್ಮ ಬ್ಲಾಕಿಗೆ ಕಳಿಸಿ, ನಲ್ಲಿ ಕೈಕೊಟ್ಟ ದಿನ ಹಿಂದೆ ಬಕೆಟ್ ಹಿಡಿದು ಓಡುತ್ತೇವೆ. ಆದರೆ ನೀರು ಒಡೆದು ನಿಮ್ಮನ್ನು ಹಸಿರಾಗಿ ತಯಾರಿಸಲೂ ಕನಿಷ್ಠ ಅಷ್ಟು ನೀರು ಬೇಕು, ಮೇಲೆ ಕಿಲೋಗೆ ಐವತ್ತಕ್ಕೂ ಹೆಚ್ಚು ಯೂನಿಟ್ ಕರೆಂಟ್. ಬಸ್ಸಿನೊಳಗೆ ಮತ್ತೆ ಕರೆಂಟ್ ಮಾಡುವಷ್ಟರಲ್ಲಿ ಅದರಲ್ಲಿ ಅರ್ಧವೂ ಉಳಿಯುವುದಿಲ್ಲ. ಅದೇ ಕರೆಂಟನ್ನು ನೇರ ಬ್ಯಾಟರಿಗೆ ತುಂಬಿದರೆ ನಾನು ನಾಟಕಕ್ಕೂ ಹೋಗಿ ಊಟದ ಹೊತ್ತಿಗೆ ವಾಪಸು ಬರುತ್ತಿದ್ದೆ.

ನಿಮ್ಮ ಮೇಲೆ ನನಗೆ ದ್ವೇಷವಿಲ್ಲ. 2023ರ ಜನವರಿ 4ರಂದು ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್ ಎಂದಿತು. ಸಂತೋಷ. ಹಾಗಾದರೆ ಮೊದಲು ಪಾಣಿಪತ್ತಿನ ಸಂಸ್ಕರಣಾಗಾರಕ್ಕೆ ಹೋಗಿ. ಎಣ್ಣೆ ಸಂಸ್ಕರಣಾಗಾರಗಳಿಗೂ ಗೊಬ್ಬರ ಕಾರ್ಖಾನೆಗಳಿಗೂ ನೀವು ಇವತ್ತೇ ಬೇಕು. ಅಲ್ಲಿ ನಿಮ್ಮನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ, ನಿಮ್ಮ ಒಂದೊಂದು ಕಿಲೋಗೂ ಒಂಬತ್ತು-ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬಿಟ್ಟು. ಆ ಕೊಳೆ ತೊಳೆಯಲು ಹಸಿರಾದ ನೀವೇ ಬೇಕು, ಬ್ಯಾಟರಿಯಿಂದ ಆಗದು. ಆದರೆ ಅಲ್ಲಿ ಕರ್ತವ್ಯಪಥವಿಲ್ಲ, ಕ್ಯಾಮೆರಾ ಇಲ್ಲ, ಬಾವುಟ ಬೀಸಿದರೆ ನೋಡುವವರಿಲ್ಲ. ಅದಕ್ಕೇ ತಾನೆ ಇಲ್ಲಿಗೆ ಬರುವುದು?

ಬಸ್ ಬೇಕು ನಮಗೆ. ಬಸ್! ನವೆಂಬರ್ ಹೊಗೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸ್ಟಾಪಿನಲ್ಲಿ ನಿಂತವರಿಗೆ ಅದು ಯಾವುದರಿಂದ ಓಡಿದರೂ ಒಂದೇ, ಬಂದರೆ ಸಾಕು. ಅಲ್ಲಿಯವರೆಗೂ ಆ ಗೋಡೆಯ ಮೇಲೆ ನಗಬೇಡಿ, ಮೈ ಉರಿಯುತ್ತದೆ.

ಇಂತಿ,
ಜನಕಪುರಿಯ ಒಬ್ಬ ಕನ್ನಡಿಗ

ವಿ.ಸೂ.: ಇಷ್ಟು ವರ್ಷ ಬೀಸಿದ ಹಸಿರು ಬಾವುಟಗಳನ್ನೆಲ್ಲ ಸೇರಿಸಿ ಹೊಲಿಸಿದ್ದರೆ ನಮ್ಮ ಸ್ಟಾಪಿಗೊಂದು ಚಪ್ಪರವಾಗುತ್ತಿತ್ತು. ಮೇ ತಿಂಗಳಿಗಾದರೂ ಆದೀತು, ನೋಡಿ.