ಬಿ.ವಿ.ಎ. ಪದವಿಯ ಷಡಂಗ ಮೀಮಾಂಸೆ

ಮನೆಮಗಳೊಬ್ಬಳು ವಾಂಗಿಬಾತಿಗೆಂದು ತಂದ ಬದನೆಕಾಯಿಯನ್ನು ಅಡುಗೆಮನೆಯಿಂದ ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕ ಸ್ಥಾಪಿಸಿ, ಅದು ಸುಕ್ಕುಗಟ್ಟುವವರೆಗೆ ನೋಡುತ್ತ ಕುಳಿತರೆ, ಆ ಕ್ರಿಯೆಯನ್ನು ಕಳ್ಳತನವೆನ್ನಬೇಕೋ ವ್ಯಾಸಂಗವೆನ್ನಬೇಕೋ? ಈ ಪ್ರಶ್ನೆಗೆ ಕನ್ನಡ ವಿದ್ವತ್ತು ಇನ್ನೂ ಕೈಹಾಕಿಲ್ಲ. ಶಾಸನ, ಛಂದಸ್ಸು, ವ್ಯಾಕರಣಗಳ ಮೇಲೆ ಸಂಪುಟಗಟ್ಟಲೆ ಬಂದಿದೆ. ಬ್ಯಾಚುಲರ್ ಆಫ್ ವಿಶುವಲ್ ಆರ್ಟ್ಸ್ ಎಂಬ ನಾಲ್ಕು ವರ್ಷದ ಪದವಿಯ ಬಗ್ಗೆ ಮಾತ್ರ ನೆಂಟರಿಷ್ಟರ ಮೌಖಿಕ ಪರಂಪರೆಯೊಂದೇ ಗತಿ. ಆ ಪರಂಪರೆಯ ಮೂಲಪಾಠ: "ಅದನ್ನ ಓದಿ ಮುಂದೇನ್ ಮಾಡ್ತಾಳೆ?" ಪಾಠಾಂತರ: "ಹೆಂಗೂ ಜೊತೆಗೊಂದು ಬಿ.ಎಡ್. ಮಾಡಿಸಿಬಿಡಿ."

ಪ್ರಸ್ತುತ ಪ್ರಬಂಧವು ಇವೆರಡನ್ನೂ ಪೂರ್ವಪಕ್ಷವೆಂದು ಗೌರವದಿಂದ ಸ್ವೀಕರಿಸುತ್ತದೆ. ಪ್ರಬಂಧಕಾರನ ಸಿದ್ಧಾಂತ ಇಷ್ಟೇ: ಈ ಪದವಿಯ ಪಠ್ಯವೆಲ್ಲ ನೋಡುವ ಕೆಲಸದ್ದು, ನೋಡುವ ಕೆಲಸ ಪಕ್ಕದಲ್ಲಿ ನಿಂತವರ ಕಣ್ಣಿಗೆ ಥೇಟ್ ಸುಮ್ಮನೆ ಕೂತ ಹಾಗೇ ಕಾಣುತ್ತದೆ, ಮುಂದಿನ ತಕರಾರುಗಳೆಲ್ಲ ಅಲ್ಲಿಂದ ಹೊರಟವು. ಆಕರ: ಮೈಸೂರಿನಲ್ಲಿ ಓದುತ್ತಿರುವ ಮಗಳು, ಆಕೆಯ ಸಾಮಾನು ಸರಂಜಾಮು, ಮತ್ತು ಮೇಲೆ ಹೇಳಿದ ಬದನೆಕಾಯಿ.

ಮೊದಲು ಶಾಸ್ತ್ರಾಧಾರ. ಕಲಾ ಇತಿಹಾಸದ ತರಗತಿಗೆ ಕಾಲಿಟ್ಟ ಕೂಡಲೇ ವಿದ್ಯಾರ್ಥಿ ಬಾಯಿಪಾಠ ಮಾಡುವುದು ಚಿತ್ರದ ಆರು ಅಂಗಗಳನ್ನು: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ. ಮಗಳು ಇದನ್ನು ಜಗುಲಿಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದುದು ತಾತನ ಕಿವಿಗೆ ಬಿತ್ತು. ಕಾಲೇಜಿನ ಬಗ್ಗೆ ಅವರಿಗಿದ್ದ ಅನುಮಾನವೆಲ್ಲ ಆ ಕ್ಷಣ ನೀಗಿತು. ಸಂಸ್ಕೃತ ಇದೆಯಲ್ಲ! "ಯಾವ ಗ್ರಂಥದ್ದಮ್ಮ ಇದು?" ಎಂದರು. "ಕಾಮಸೂತ್ರಕ್ಕೆ ಯಶೋಧರ ಬರೆದ ಜಯಮಂಗಲಾ ವ್ಯಾಖ್ಯಾನದ್ದು ತಾತ" ಎಂದಳು. ತಾತ ಪಂಚಾಂಗ ತೆಗೆದರು. ವಾತ್ಸ್ಯಾಯನ ಅರವತ್ತನಾಲ್ಕು ಕಲೆಗಳಲ್ಲಿ ಗೀತ, ವಾದ್ಯ, ನೃತ್ಯಗಳಾದ ಮೇಲೆ ಆಲೇಖ್ಯಕ್ಕೆ, ಅಂದರೆ ಚಿತ್ರಕ್ಕೆ, ನಾಲ್ಕನೆಯ ಸ್ಥಾನ ಕೊಟ್ಟಿದ್ದಾನೆಂದು ವಿವರಿಸಲು ಅವಕಾಶವೇ ಸಿಗಲಿಲ್ಲ. ನಮ್ಮ ನೆಂಟರ ಪಟ್ಟಿಯಲ್ಲಾದರೆ ಎಂಜಿನಿಯರಿಂಗಿನ ಬ್ರಾಂಚುಗಳೇ ಅರವತ್ತನಾಲ್ಕು ಕಳೆಯಬೇಕು, ಆಮೇಲೆ ಆಲೇಖ್ಯ.

ರೂಪಭೇದಕ್ಕೆ ಬರೋಣ. ಇದರ ಪ್ರಯೋಗಶಾಲೆಯೇ ಸ್ಟಿಲ್ ಲೈಫ್. ಒಂದು ಹಿತ್ತಾಳೆ ತಂಬಿಗೆ, ಮಡಿಕೆ ಮಡಿಕೆಯಾಗಿ ಇಳಿಬಿಟ್ಟ ಬಟ್ಟೆ, ಒಂದು ಗಾಜಿನ ಸೀಸೆ, ಜೊತೆಗೆ ಯಾವುದಾದರೂ ತರಕಾರಿ. ಇಪ್ಪತ್ತೆರಡು ಇಂಚಿಗೆ ಮೂವತ್ತು ಇಂಚಿನ ಹಾಳೆಯನ್ನು ಬೋರ್ಡಿಗೆ ಕ್ಲಿಪ್ ಹಾಕಿ, 2ಬಿ, 4ಬಿ, 6ಬಿ ಪೆನ್ಸಿಲುಗಳನ್ನು ಬ್ಲೇಡಿನಲ್ಲಿ ಉದ್ದುದ್ದ ಹೆರೆದಿಟ್ಟುಕೊಂಡು ಕೂರಬೇಕು. ಬದನೆಕಾಯಿ ನೇರಳೆ ಬಣ್ಣದ್ದು ಎಂದು ಪ್ರಬಂಧಕಾರ ಐವತ್ತು ವರ್ಷ ನಂಬಿದ್ದ. ಹಾಗಲ್ಲವಂತೆ. ಬೆಳಕು ಬಿದ್ದ ಕಡೆ ಅದು ಹೆಚ್ಚುಕಡಿಮೆ ಬಿಳಿ, ಅದರ ಪಕ್ಕ ಆಕಾಶದ ನೀಲಿ, ಕೆಳಗೆ ನೆರಳಿಗೆ ತಿರುಗುವಲ್ಲಿ ಕಪ್ಪು, ಆ ಕಪ್ಪಿನ ಅಂಚಿನಲ್ಲಿ ತಂಬಿಗೆಯಿಂದ ಹಾರಿ ಬಂದ ಒಂದು ಗೆರೆ ಹಳದಿ. ನೇರಳೆ ಉಳಿದದ್ದು ಅಂಗೈಯಗಲ. ಮಧ್ಯಾಹ್ನ ಮೂರಾಗುವ ಹೊತ್ತಿಗೆ ಬಿಳಿಯ ಚುಕ್ಕೆ ಅರ್ಧ ಇಂಚು ಸರಿದಿರುತ್ತದೆ, ಬರೆದದ್ದನ್ನು ಅಳಿಸಬೇಕು. ಇಷ್ಟೆಲ್ಲ ನಡೆಯುತ್ತಿರುವಾಗ ಅಡುಗೆಮನೆಯಿಂದ ತಾಯಿಯ ಪೂರ್ವಪಕ್ಷ: "ನೋಡಿದ್ದಾಯ್ತಾ? ಹೆಚ್ಚಬೇಕು."

ಪ್ರಮಾಣ ಎಂಬ ಅಂಗ ಬೀದಿಗೆ ಸಂಬಂಧಿಸಿದ್ದು. ತೋಳು ಪೂರ್ತಿ ಚಾಚಿ, ಪೆನ್ಸಿಲನ್ನು ನಿಲುವಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೇಲೆ ಕೆಳಗೆ ಜಾರಿಸುತ್ತ ಎದುರಿನವರನ್ನು ಅಳೆಯಬೇಕು. ದೇವರಾಜ ಮಾರುಕಟ್ಟೆಯ ಬಾಳೆಕಾಯಿ ಮಂಡಿಯ ಎದುರು ಇದನ್ನು ಮಾಡಿದರೆ ಅರ್ಧ ಜನ ಸರ್ವೆಯವರು ಬಂದರೆಂದು ಗಾಬರಿಯಾಗುತ್ತಾರೆ, ಇನ್ನರ್ಧ ಜನ ಕಣ್ಣು ಹೊಡೆದರೆಂದು. ಮನುಷ್ಯ ಏಳೂವರೆ ತಲೆ ಎತ್ತರ ಎಂಬುದು ಕಾಲೇಜಿನ ಲೆಕ್ಕ. ನಮ್ಮ ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದವೇ ತಾಳಮಾನ, ದೇವತೆಗಳಿಗೆ ನವತಾಳ. ಆಕೆಯ ಸೋದರಮಾವನನ್ನು ಸೋಫಾದ ಮೇಲೆ ಅಳೆದಾಗ ಐದೂವರೆ ಬಂತು. ಮಾವ ಅಂದಿನಿಂದ ಬಿ.ಎಡ್. ಪಾಠಾಂತರದ ಪ್ರಬಲ ಪ್ರತಿಪಾದಕರಾಗಿದ್ದಾರೆ.

ಭಾವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಸಬ್ಮಿಷನ್ನಿನ ಹಿಂದಿನ ರಾತ್ರಿ ತಾನಾಗಿಯೇ ಬರುತ್ತದೆ.

ವರ್ಣಿಕಾಭಂಗಕ್ಕೆ ಪುರಾತತ್ವದ ಸಹಾಯ ಬೇಕು. ಮಗಳ ಡ್ರಾಯಿಂಗ್ ಬೋರ್ಡು ಕೋರ್ಸ್ ಮುಗಿಸಿದ ಯಾರೋ ಸೀನಿಯರ್ ಕೈಯಿಂದ ಬಂದದ್ದು; ಅವರಿಗೆ ಅವರ ಸೀನಿಯರಿಂದ. ಇದರ ಹಿಂಬದಿಯೇ ಒಂದು ಶಾಸನ. ಎಡಮೂಲೆಯಲ್ಲಿ ಬಾಲ್‌ಪೆನ್ನಿನ ಲಿಪಿ, ಓದಲು ಬಂದಷ್ಟು: "ಟೀ, ಬನ್ನು, ಟೀ, ಜಿಂಕ್ ಪ್ಲೇಟು, ಟೀ". ಮೊತ್ತದ ಜಾಗ ತ್ರುಟಿತ. ಲಿಪಿಯ ಮೇಲೆ ಬರ್ನ್ಟ್ ಸಿಯೆನ್ನಾದ ಒಂದು ಹನಿ ಹರಿದಿರುವುದರಿಂದ ಸಾಲ ಮೊದಲು, ಚಿತ್ರ ಆಮೇಲೆ ಎಂಬುದು ಸಿದ್ಧ. ಜಿಂಕ್ ಪ್ಲೇಟಿನ ಉಲ್ಲೇಖದಿಂದ ಶಾಸನಕರ್ತೃ ಮೊದಲ ವರ್ಷದ ಫೌಂಡೇಶನ್ ದಾಟಿ ಗ್ರಾಫಿಕ್ಸ್ ವಿಭಾಗಕ್ಕೆ ಸೇರಿದವರೆಂದು ಊಹಿಸಬಹುದು. ಅಲ್ಲಿ ಸತುವಿನ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಲ್ಲಿ ಗೀರಿ, ನೈಟ್ರಿಕ್ ಆಸಿಡ್ ತಟ್ಟೆಯಲ್ಲಿ ಮುಳುಗಿಸುತ್ತಾರೆ. ಗೀರಿದ ಗೆರೆಗಳ ಮೇಲೆಲ್ಲ ಸಣ್ಣ ಗುಳ್ಳೆಗಳೇಳುತ್ತವೆ. ಗುಳ್ಳೆ ಅಲ್ಲೇ ಕೂತರೆ ಗೆರೆ ಸಮನಾಗಿ ಕೊರೆಯುವುದಿಲ್ಲ. ಅದಕ್ಕೆ ಒಂದು ಹಕ್ಕಿಪುಕ್ಕ ಹಿಡಿದು ಮೆಲ್ಲಗೆ ಸವರುತ್ತಲೇ ಇರಬೇಕು. ಡಿಗ್ರಿ ಓದುತ್ತಿರುವ ಮಗಳು ತಟ್ಟೆಯ ಮುಂದೆ ನಿಂತು ನೀರಿಗೆ ಪುಕ್ಕದಲ್ಲಿ ಕಚಗುಳಿ ಇಡುತ್ತಿರುವ ದೃಶ್ಯವನ್ನು ಫೀಸು ಕಟ್ಟಿದ ತಂದೆಯೊಬ್ಬ ಬಾಗಿಲ ಸಂದಿಯಿಂದ ನೋಡಿದರೆ ಆತನಲ್ಲಿ ಯಾವ ರಸ ಹುಟ್ಟುತ್ತದೆಂದು ಭರತಮುನಿಯೂ ಹೇಳಿಲ್ಲ.

ಇನ್ನು ಐತಿಹಾಸಿಕ ಆಕ್ಷೇಪ. ನೆಂಟರಲ್ಲಿ ಓದಿಕೊಂಡವರು ತಪ್ಪದೆ ಆರ್.ಕೆ. ಲಕ್ಷ್ಮಣ್ ಹೆಸರು ತೆಗೆಯುತ್ತಾರೆ. ಮೈಸೂರಿನ ಹುಡುಗ, 1857ರಲ್ಲಿ ಆರಂಭವಾದ ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ ಸೀಟು ಕೊಡಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮಾಡಿ ದೇಶಕ್ಕೇ ಕಾರ್ಟೂನಿಸ್ಟ್ ಆದರು. ಹಾಗಾದರೆ ಕಲಾಶಾಲೆ ಯಾಕೆ? ವಾದ ಗಟ್ಟಿಯಾಗಿದೆ. ಆದರೆ ಲಕ್ಷ್ಮಣ್ ಚಿಕ್ಕಂದಿನಿಂದ ಕಾಗೆಗಳನ್ನು ನೋಡುತ್ತ ಕೂತ ಹೊತ್ತನ್ನು ಈ ವಾದಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವರ ಮನೆಯ ಹುಡುಗ ಇವತ್ತು ಕಾಂಪೌಂಡಿನ ಮೇಲಿನ ಕಾಗೆಯನ್ನು ಅರ್ಧ ಗಂಟೆ ನೋಡಲಿ, ಟ್ಯೂಷನ್ನಿಗೆ ಸೇರಿಸುತ್ತಾರೆ. ಕಾಗೆ ನೋಡುವುದಕ್ಕೆ ಹಾಜರಾತಿ ಕೊಡುವ ಜಾಗ ಊರಲ್ಲಿ ಒಂದಾದರೂ ಬೇಡವೇ?

ಪ್ರತಿಪಕ್ಷಕ್ಕೆ ಕೆ. ವೆಂಕಟಪ್ಪನವರಿದ್ದಾರೆ. ಮೈಸೂರಿನಿಂದ ಕಲ್ಕತ್ತೆಗೆ ಹೋಗಿ, ಷಡಂಗದ ಬಗ್ಗೆ ಸ್ವತಃ ಬರೆದ ಅವನೀಂದ್ರನಾಥ ಠಾಕೂರರ ಕೈಕೆಳಗೆ ಕಲಿತರು. ಹಿಂತಿರುಗಿದ ಮೇಲೆ ಊಟಿಯ ಮಂಜು ಗುಡ್ಡದ ಮೇಲಿಂದ ಹೇಗೆ ಏಳುತ್ತದೆಂದು ನೋಡಿ ನೋಡಿ ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಅವರದೇ ಹೆಸರು. ಇದನ್ನು ಮಂಡಿಸಿದಾಗ ಸೋದರಮಾವ ಕೇಳಿದ್ದು: "ಮದುವೆ ಆಗಿದ್ರಾ?" ಇರಲಿಲ್ಲ. ಪ್ರಬಂಧಕಾರ ಆ ದಿನ ವಾದ ಸೋತ.

ಅರ್ಥಶಾಸ್ತ್ರದ ಮಾತು. ಸುಮ್ಮನೆ ಕೂತವರೆಂದು ಒಮ್ಮೆ ಹೆಸರಾದರೆ ಸಾಕು, ಜಗತ್ತು ಬಿಟ್ಟಿ ಕೆಲಸ ಹುಡುಕಿಕೊಂಡು ಬರುತ್ತದೆ. ಚಿಕ್ಕಮ್ಮನ ಮಗನ ಬಯಾಲಜಿ ರೆಕಾರ್ಡಿನ ಕಪ್ಪೆ, ವರಮಹಾಲಕ್ಷ್ಮಿ ಹಬ್ಬದ ರಂಗೋಲಿ, ಛತ್ರದ ಬಾಗಿಲಿಗೆ ಥರ್ಮಾಕೋಲಿನ ವಧೂವರರ ಹೆಸರು. ಇವೆಲ್ಲಕ್ಕೂ ಸಂಭಾವನೆ ಒಂದು ಲೋಟ ಕಾಫಿ ಮತ್ತು "ನಿಂಗೇನು, ಐದು ನಿಮಿಷದ ಕೆಲಸ." ತೀರಿಕೊಂಡ ದೊಡ್ಡಪ್ಪನ ಭಾವಚಿತ್ರ ಬೇಕೆಂದು ಬಂದವರೊಬ್ಬರು ವಾಟ್ಸಾಪಿನಲ್ಲಿ ಆಧಾರ್ ಕಾರ್ಡಿನ ಫೋಟೋ ಕಳಿಸಿ, "ಸ್ವಲ್ಪ ನಗೋ ಹಾಗೆ ಮಾಡಮ್ಮ, ಬದುಕಿದ್ದಾಗ ನಗಲಿಲ್ಲ" ಎಂದಿದ್ದರು. ದುಡ್ಡಿನ ಮಾತು ಬರುವುದು ಜನವರಿಯಲ್ಲಿ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯ ದಿನ. ಕಳೆದ ಸಲ ಫುಟ್‌ಪಾತಿನಲ್ಲಿ ಬದನೆಕಾಯಿಯ ಚಿತ್ರದ ಮುಂದೆ ಒಂದು ದಂಪತಿ ಬಹಳ ಹೊತ್ತು ನಿಂತರು. ಗಂಡ ಕೇಳಿದ್ದು ಫ್ರೇಮಿಗೆಷ್ಟು, ಚಿತ್ರಕ್ಕೆಷ್ಟು ಎಂದು ಬಿಡಿಸಿ ಹೇಳಲು. ಹೆಂಡತಿ ಕೇಳಿದ್ದು ಇದೇ ಸೋಫಾದ ಬಣ್ಣಕ್ಕೆ ಹೊಂದುವ ಹಾಗೆ ಮರೂನಿನಲ್ಲಿ ಸಿಗುತ್ತದೆಯೇ ಎಂದು. ಕೊನೆಗೆ ಫ್ರೇಮ್ ಚೆನ್ನಾಗಿದೆಯೆಂದು ಕೊಂಡರು. ಅಡುಗೆಮನೆಯಿಂದ ಹೊರಟ ತರಕಾರಿ ಕಾಸಾಗಿ ವಾಪಸು ಬಂದದ್ದು ನಮ್ಮ ವಂಶದಲ್ಲಿ ಇದೇ ಮೊದಲು. ತಾಯಿ ಮರುದಿನವೇ ಒಂದು ಕುಂಬಳಕಾಯಿ ತಂದು ಕಿಟಕಿಯ ಪಕ್ಕ ತಾವೇ ಇಟ್ಟರು.

ಉಳಿದದ್ದು ಸಾದೃಶ್ಯ ಮತ್ತು ಲಾವಣ್ಯಯೋಜನ. ಸಾದೃಶ್ಯದ ಬಗ್ಗೆ ವಿಸ್ತಾರವಾಗಿ ಬರೆಯಬೇಕೆಂದು ಕೂತಿರುವಾಗಲೇ ಮಗಳು ಎದುರಿಗೆ ಬೋರ್ಡು ಹಿಡಿದು ಕೂತಿದ್ದಾಳೆ. ಪೋರ್ಟ್ರೇಟ್ ಸಬ್ಮಿಷನ್ ಸೋಮವಾರವಂತೆ, ಕಾಲೇಜಿನ ಮಾಡೆಲ್ ಊರಿಗೆ ಹೋಗಿದ್ದಾರಂತೆ. ಪ್ರಬಂಧಕಾರನ ಮೂಗು ಒಂದು ಕಡೆ ವಾಲಿದೆ ಎಂಬ ಹೊಸ ಶೋಧ ಈಗಾಗಲೇ ಹೊರಬಿದ್ದಿದೆ. "ಅಪ್ಪಾ, ಬಲಗೈ ಅಲ್ಲಾಡಿಸ್ಬೇಡಿ" ಎಂದು ಎರಡು ಸಲ ಹೇಳಿಯಾಯಿತು. ಬರೆಯುವ ಕೈ ಅದೇ ಆದ್ದರಿಂದ ಪ್ರಬಂಧವನ್ನು ಇಲ್ಲಿಗೆ ನಿಲ್ಲಿಸಲಾಗಿದೆ. ಲಾವಣ್ಯಯೋಜನ ಇನ್ನೂ ಬಾಕಿ ಇದೆಯಲ್ಲ ಎಂದೆ. ಆಕೆ ಒಂದು ಕಣ್ಣು ಮುಚ್ಚಿ ನನ್ನ ಮುಖವನ್ನು ಪೆನ್ಸಿಲಿನಲ್ಲಿ ಇನ್ನೊಮ್ಮೆ ಅಳೆದು, "ಅದು ಬಿಡಿ ಅಪ್ಪಾ" ಎಂದಳು.