ಜ್ವರ ಬಂದ ದ್ರಾಕ್ಷಾರಸ

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿಯೇ ಸೇವಿಸತಕ್ಕದ್ದೆಂದು ವಿಧಿಸಿದ ಮಹನೀಯರು ವೈಶಾಖಮಾಸದ ಕಲಬುರಗಿಯಲ್ಲಿ ಒಂದು ಮಧ್ಯಾಹ್ನವನ್ನಾದರೂ ಕಳೆದವರಲ್ಲವೆಂಬುದರಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ. ಯೂರೋಪಿನ ಕಲ್ಲುಮನೆಗಳಲ್ಲಿ ಹುಟ್ಟಿದ ಆ ವಿಧಿಯ ಅಭಿಪ್ರಾಯ 16ರಿಂದ 18 ಡಿಗ್ರಿ ಸೆಲ್ಸಿಯಸ್. ಪಾದರಸವು 40ನ್ನು ದಾಟುವ ನಮ್ಮ ಪಡಸಾಲೆಯಲ್ಲ.

ಆದರೂ, ತಮ್ಮ ರಸಜ್ಞತೆಯನ್ನು ತಾವೇ ಪ್ರಮಾಣೀಕರಿಸಿಕೊಂಡಿರುವ ಮಿತ್ರರೊಬ್ಬರು, ಕೆಂಪನ್ನು ಫ್ರಿಜ್ಜಿನಲ್ಲಿಡುವುದು ಬ್ರಹ್ಮಹತ್ಯೆಗೆ ಸಮಾನವೆಂದು ಹೆದರಿಸಿದ್ದರಿಂದ, ಅವರೇ ಆರಿಸಿಕೊಟ್ಟ ಕ್ಯಾಬರ್ನೆ ಸೊವಿನ್ಯಾನ್ ಸೀಸೆಯು ಕಪಾಟಿನಲ್ಲಿಯೇ ತಪಸ್ಸಿಗೆ ಕುಳಿತಿತ್ತು. ಒಂದು ಗುಟುಕು ನಾಲಿಗೆಗೆ ಸೋಕಿದೊಡನೆ ಉಂಟಾದ ಶಂಕೆಯನ್ನು ಪರಿಹರಿಸಿಕೊಳ್ಳಲು, ಬೇರಾವ ಉಷ್ಣಮಾಪಕವೂ ಮನೆಯಲ್ಲಿಲ್ಲದ ಕಾರಣ, ಔಷಧದ ಡಬ್ಬಿಯ ಜ್ವರಮಾಪಕವನ್ನೇ ಕೊಡವಿ, ಲೋಟದಲ್ಲಿ ಅದ್ದಿ, ಗಡಿಯಾರವನ್ನು ನೋಡುತ್ತ ಗಂಭೀರವಾಗಿ ಕಾದೆನು. ಪಾದರಸವು ಮೆಲ್ಲನೆ ಏರಿ 102ರಲ್ಲಿ ನಿಂತಿತು. ನೂರ ಎರಡು! ನನ್ನ ಬೆರಳುಗಳು ತಾವಾಗಿಯೇ ಸೀಸೆಯ ಕೊರಳಿಗೆ ಹೋಗಿ ನಾಡಿಯನ್ನರಸಿದವು. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿಯನ್ನು ಲೇಬಲ್ಲೆಂಬ ಅದರ ಲಲಾಟದ ಮೇಲಿರಿಸಿ ಬೀಸಣಿಗೆಯಿಂದ ಗಾಳಿ ಹಾಕಿದೆನು. ಪಟ್ಟಿ ಒಣಗಿದಂತೆಲ್ಲ ಬದಲಾಯಿಸಿದೆನು. ಕಾಲುಗಂಟೆಗೊಮ್ಮೆ ತಾಪವನ್ನಳೆದು, ಪಾಳಿಯ ದಾದಿಗೆ ಒಪ್ಪಿಸಬೇಕೇನೋ ಎಂಬಂತೆ, ಕಾಗದದ ಮೇಲೆ ಗುರುತು ಹಾಕಿದೆನು. ಬಾಗಿಲಲ್ಲಿ ನಿಂತು ಈ ಶುಶ್ರೂಷೆಯನ್ನು ಆಮೂಲಾಗ್ರವಾಗಿ ನೋಡಿದ ನನ್ನಾಕೆ, “ಏನ್ರೀ, ಗಂಜಿ ಕಾಸ್ಲೇನು?” ಎಂದಳು. ಕೊನೆಗೆ 98.4ಕ್ಕೆ ಇಳಿದಾಗ, ಸೀಸೆಯೂ ನಾನೂ ಇಬ್ಬರೂ ಬೆವತಿದ್ದೆವು.

ದೋಷ ಕ್ಯಾಬರ್ನೆಯದಲ್ಲ. ಅದರ ದಪ್ಪ ಸಿಪ್ಪೆಯಿಂದಿಳಿಯುವ ಟ್ಯಾನಿನ್ ಎಂಬ ಒಗರು, ತಣಿಸಿದಷ್ಟೂ ಹರಿತವಾಗಿ, ಎಳೆಯ ಅಡಿಕೆಯನ್ನು ಜಗಿದಂತೆ ಬಾಯನ್ನು ಕಟ್ಟಿಹಾಕುತ್ತದೆ. ಬೇಸಗೆಗೆ ಬೇಕಾದುದು ಒಗರು ಕಡಮೆಯಾಗಿ ಹುಳಿ ಹಿತವಾಗಿರುವ ವೈನು; ಫ್ರಾನ್ಸಿನ ಬೋಜೊಲೆ ಪ್ರಾಂತ್ಯದ ಗಾಮೇ ದ್ರಾಕ್ಷಿಯದು ಅಂಥದು. ಅಲ್ಲಿ ಗೊಂಚಲುಗಳನ್ನು ಜಜ್ಜದೆ ಇಡಿಯಾಗಿಯೇ ತೊಟ್ಟಿಗೆ ತುಂಬಿ, ಇಂಗಾಲದ ಡೈಆಕ್ಸೈಡಿನ ಮುಸುಕಿನಲ್ಲಿ ಹುದುಗಲು ಬಿಡುವುದರಿಂದ, ಒಗರು ಹಿಂದುಳಿದು ಹಣ್ಣಿನ ಪರಿಮಳ ಮುಂದಾಗುತ್ತದೆ. ಇಂಥ ಸಾಧುವಾದ ದ್ರಾಕ್ಷಿಯನ್ನು 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ಪನು ದ್ರೋಹಿಯೆಂದು ಹಳಿದು, ತನ್ನ ಸೀಮೆಯಿಂದ ಕಿತ್ತೊಗೆಯುವಂತೆ ಆಜ್ಞಾಪಿಸಿದನು. ಬೇಗನೆ ಮಾಗಿ, ಧಾರಾಳವಾಗಿ ಫಲಿಸಿ, ಬೇಸಾಯಗಾರನ ಹೊಟ್ಟೆ ಹೊರೆಯುತ್ತಿದ್ದ ಬಳ್ಳಿಯದು. ಪ್ರಭುವಿನ ನಾಲಿಗೆಯ ಮರ್ಯಾದೆಗಾಗಿ ಯಾರ ಯಾರ ಒಲೆ ಆರಿತೆಂಬುದನ್ನು ಆಜ್ಞಾಪತ್ರಗಳು ಬರೆದಿಡುವುದಿಲ್ಲ. ರಸಜ್ಞತೆಯ ಹೆಸರಿನಲ್ಲಿ ಬಡವನ ಬಳ್ಳಿಗೆ ಕೊಡಲಿಯಿಡುವ ಈ ಪಂಗಡವನ್ನು ನೆನೆದರೆ ನನಗೆ ಈಗಲೂ ಮೈಯುರಿಯುತ್ತದೆ.

ಅದಿರಲಿ. ಈಗ ನಮ್ಮ ಫ್ರಿಜ್ಜಿನಲ್ಲಿ ಬೋಜೊಲೆಯು ಮಜ್ಜಿಗೆಯ ಪಾತ್ರೆಯ ಮಗ್ಗುಲಲ್ಲಿ ನಿಸ್ಸಂಕೋಚವಾಗಿ ಮಲಗುತ್ತದೆ. 13 ಡಿಗ್ರಿಯ ಆಸುಪಾಸಿನಲ್ಲಿ ಹೊರತೆಗೆದರೆ ಜೋಳದ ರೊಟ್ಟಿ, ಎಣ್ಣೆಗಾಯಿಗಳೊಡನೆ ಸೊಗಸಾಗಿ ಹೊಂದುತ್ತದೆ. ನಮ್ಮೂರ ಸೆಕೆಯಲ್ಲಿ ಆ ತಂಪು ಕ್ಷಣಿಕವಾದುದರಿಂದ, ಕಾಲು ಲೋಟ ಸುರಿದುಕೊಂಡು ಸೀಸೆಯನ್ನು ಮರಳಿ ಒಳಗಿಟ್ಟು ಬರಬೇಕು, ಮತ್ತೆ ಎದ್ದು ಹೋಗಬೇಕು. ಪಡಸಾಲೆಗೂ ಅಡಿಗೆಮನೆಗೂ ನಡುವಣ ಈ ಯಾತಾಯಾತವನ್ನು ನಮ್ಮ ವೈದ್ಯರು, ಕಾರಣವನ್ನು ವಿಚಾರಿಸದೆಯೇ, ನನ್ನ ವಯಸ್ಸಿಗೆ ತಕ್ಕ ವ್ಯಾಯಾಮವೆಂದು ಒಪ್ಪಿದ್ದಾರೆ.