ಅಬ್ಯಾಕಸ್ ಮಹಾಶಯರೊಡನೆ ಅರ್ಧ ಘಳಿಗೆ

ಬೆಂಗಳೂರಿನ ದಕ್ಷಿಣದ ಬಡಾವಣೆಯೊಂದರಲ್ಲಿ, ಕೆಳಗೆ ಔಷಧವೂ ಮೇಲೆ ಮೇಧಾಶಕ್ತಿಯೂ ವಿಕ್ರಯವಾಗುವ ಕಟ್ಟಡದ ಎರಡನೆಯ ಮಹಡಿಯಲ್ಲಿ, ಭಾನುವಾರದ ಎರಡು ತರಗತಿಗಳ ನಡುವೆ ಒದಗಿದ ಅಲ್ಪವಿರಾಮದಲ್ಲಿ ಶ್ರೀಮಾನ್ ಅಬ್ಯಾಕಸ್ಸರು ನಮಗೆ ದರ್ಶನವಿತ್ತರು. 17 ಸರಳುಗಳ, ಸರಳಿಗೆ ಐದರಂತೆ 85 ಮಣಿಗಳ ಈ ಮಹಾಶಯರು ಜಪಾನಿನ ಸೊರೊಬಾನ್ ಶಾಖೆಗೆ ಸೇರಿದವರು. ಅಡ್ಡಪಟ್ಟಿಯ ಮೇಲೊಂದು, ಕೆಳಗೆ ನಾಲ್ಕು ಎಂಬ ಮಿತವ್ಯಯದ ಅಂಗಸೌಷ್ಠವ ಅವರದು. ಮೇಲೆರಡು ಕೆಳಗೈದು ಮಣಿಗಳನ್ನು ಧರಿಸುವ ಚೀನದ ದಾಯಾದಿಗಳ ಹೆಸರೆತ್ತಿದರೆ, ಅವರನ್ನು ದುಂದುಗಾರರೆಂದು ಕರೆಯುವುದಕ್ಕೆ ಹಿಂಜರಿಯರು.

ನಾನು: ತಮ್ಮ ಪೂರ್ವಾಶ್ರಮದ ವೃತ್ತಾಂತವನ್ನು ಕೇಳಬಹುದೆ?

ಅಬ್ಯಾಕಸ್: ಅವಶ್ಯವಾಗಿ. ವರ್ತಕರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅಕ್ಕಿ, ರೇಷ್ಮೆ, ಸಾಲ, ಬಡ್ಡಿಗಳನ್ನು ಕೂಡುತ್ತ ಕಳೆಯುತ್ತ ನಮ್ಮ ವಂಶ ಬಾಳಿತು. 1946ರ ನವೆಂಬರಿನಲ್ಲಿ ಟೋಕಿಯೋ ನಗರದಲ್ಲಿ ಅಮೆರಿಕದ ಸೈನಿಕನೊಬ್ಬ ವಿದ್ಯುದ್ಗಣಕಯಂತ್ರವನ್ನು ಹಿಡಿದು, ಜಪಾನಿನ ಗುಮಾಸ್ತನೊಬ್ಬ ನಮ್ಮವನನ್ನು ಹಿಡಿದು ಬಹಿರಂಗವಾಗಿ ಸೆಣಸಿದಾಗ, ನಾವು ನಾಲ್ಕಕ್ಕೆ ಒಂದರಂತೆ ಗೆದ್ದೆವು, ಗುಣಾಕಾರವೊಂದರಲ್ಲಿ ಸೋತೆವು. ಅದೇ ನಮ್ಮ ಕಡೆಯ ದಿಗ್ವಿಜಯ. ತರುವಾಯ ಅಂಗೈಯಗಲದ ಯಂತ್ರಗಳು ಬಂದು ಅಂಗಡಿಗಳಿಂದ ನಮ್ಮನ್ನು ಅಟ್ಟಕ್ಕೇರಿಸಿದವು. ಬೇರೆಲ್ಲಿಯೂ ಉದ್ಯೋಗ ದೊರೆಯದವನು ಅಧ್ಯಾಪಕನಾಗುವ ಪದ್ಧತಿ ತಮ್ಮ ದೇಶದಲ್ಲಿ ಅಪರಿಚಿತವಲ್ಲವಷ್ಟೆ.

ನಾನು: ಇಲ್ಲಿ ತಾವು ಬೋಧಿಸುವುದೇನು?

ಅಬ್ಯಾಕಸ್: ಮೊದಲ ಹಂತದಲ್ಲಿ ನನ್ನನ್ನು ಮುಟ್ಟಿ ಕೂಡುವುದು, ಮುಂದಿನ ಹಂತದಲ್ಲಿ ನನ್ನನ್ನು ಮುಟ್ಟದೆ, ನಾನು ಇದ್ದೇನೆಂದು ಭಾವಿಸಿ ಗಾಳಿಯಲ್ಲಿ ಬೆರಳಾಡಿಸುತ್ತ ಕೂಡುವುದು. ನಿರ್ಗುಣೋಪಾಸನೆಯನ್ನು ಏಳು ವರ್ಷದ ಮಕ್ಕಳಿಗೆ ಇಷ್ಟು ಸುಲಭವಾಗಿ ಕಲಿಸಿದವರು ಇನ್ನೊಬ್ಬರಿಲ್ಲ. ಮಾಸಿಕ ಶುಲ್ಕವನ್ನು ಗೊತ್ತುಮಾಡಿ ಕಲಿಸಿದವರಂತೂ ಇಲ್ಲವೇ ಇಲ್ಲ.

ನಾನು: ಇದು ಗಣಿತವೆ?

ಅಬ್ಯಾಕಸ್: ಇದು ವೇಗ. ತಂದೆತಾಯಿಗಳು ಕೇಳಿದ್ದೂ ಅದನ್ನೇ. ನಿಮ್ಮ ನಾಡಿನಲ್ಲಿಯೇ, ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನೆಂಬಾತನು ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ರಚಿಸಿದನಷ್ಟೆ, ಅದರಲ್ಲಿ ಪ್ರಣಯಕಲಹದಲ್ಲಿ ಹರಿದು ಚೆದರಿದ ಮುತ್ತಿನ ಹಾರದ ಲೆಕ್ಕವೊಂದುಂಟು. ಮಣಿಯಾದ ನನಗೆ ಮುತ್ತುಗಳ ಮೇಲೆ ಮಾತ್ಸರ್ಯವಿದ್ದರೂ ಒಪ್ಪಬೇಕಾದುದನ್ನು ಒಪ್ಪುತ್ತೇನೆ: ಆ ಲೆಕ್ಕವನ್ನು ಬಿಡಿಸಹೊರಟವನು ಮೊದಲು ಶ್ಲೋಕವನ್ನು ಅನ್ವಯಿಸಿಕೊಳ್ಳಬೇಕು, ಹಾಸಿಗೆಯ ಮೇಲೆ ಬಿದ್ದ ಪಾಲೆಷ್ಟು, ದಾರದಲ್ಲಿ ಉಳಿದುದೆಷ್ಟು ಎಂದು ಮನಸ್ಸಿನಲ್ಲಿ ಕಾಣಬೇಕು, ಜಗಳಕ್ಕೆ ಕಾರಣವೇನಿರಬಹುದೆಂದು ಕ್ಷಣಕಾಲ ಕುತೂಹಲಪಡಬೇಕು. ಅಷ್ಟರೊಳಗೆ ನಮ್ಮಲ್ಲಿ ಗಂಟೆ ಬಾರಿಸಿ ಉತ್ತರಪತ್ರಿಕೆಯನ್ನು ಕಿತ್ತುಕೊಂಡಿರುತ್ತಾರೆ.

(ಈ ಮಾತು ಅತಿಶಯೋಕ್ತಿಯಲ್ಲವೆಂದು ಇಲ್ಲಿ ನಾವೇ ಸೇರಿಸಬೇಕಾಗಿದೆ. ಐದನೆಯ ತರಗತಿಯವನು ಎಂಟನೆಯದರ ಬೀಜಗಣಿತವನ್ನೂ, ಎಂಟನೆಯವನು ಹನ್ನೊಂದನೆಯದರ ಭೌತಶಾಸ್ತ್ರವನ್ನೂ ‘ಐಐಟಿ ಫೌಂಡೇಷನ್’ ಎಂಬ ನಾಮಧೇಯದಲ್ಲಿ ಓದುತ್ತಿರುವ ಈ ಪಟ್ಟಣದಲ್ಲಿ, ಮಗು ತನ್ನ ತರಗತಿಯಲ್ಲಿಯೇ ಇದೆಯೆಂದು ಹೇಳುವ ತಾಯಿಯ ಸ್ವರ ತಾನಾಗಿಯೇ ತಗ್ಗುತ್ತದೆ.)

ನಾನು: ಹದಿನಾರು ವರ್ಷ ತುಂಬದವರನ್ನು ತರಬೇತಿ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತಲ್ಲ?

ಅಬ್ಯಾಕಸ್: ಅದು ಕೋಚಿಂಗಿಗೆ. ನಮ್ಮದು ‘ಸರ್ವತೋಮುಖ ಮೇಧಾವಿಕಾಸ’. ಫಲಕ ಬರೆಯುವವನು ಬಣ್ಣದ ಡಬ್ಬಿಯನ್ನು ಇನ್ನೂ ಮುಚ್ಚಿಟ್ಟಿಲ್ಲ.

ನಾನು: ಪ್ರತಿಭಾಶಾಲಿಗಳಾದ ಬಾಲಕರನ್ನು ಹೀಗೆ ತ್ವರೆಗೊಳಿಸಿದರೆ ಅವರು ಎಲ್ಲಿಗೆ ಹೋಗಿ ಮುಟ್ಟುತ್ತಾರೆ?

ಅಬ್ಯಾಕಸ್: ಒಬ್ಬ ನಮ್ಮ ಕುಲಕ್ಕೇ ಬಂದು ಮುಟ್ಟಿದ. ಅಮೆರಿಕದ ವಿಲಿಯಂ ಸೈಡಿಸ್ ಎಂಬ ಹುಡುಗನ ತಂದೆ ಮನಶ್ಶಾಸ್ತ್ರಜ್ಞ. ಮಗನನ್ನು ತನ್ನ ಸಿದ್ಧಾಂತಗಳಿಗೆ ಸಾಕ್ಷಿಯನ್ನಾಗಿ ಬೆಳೆಸಿದ. ಹುಡುಗ 1909ರಲ್ಲಿ, ಹನ್ನೊಂದರ ವಯಸ್ಸಿಗೆ, ಹಾರ್ವರ್ಡ್ ಸೇರಿದ. ಮರುವರ್ಷದ ಜನವರಿಯಲ್ಲಿ ಅಲ್ಲಿನ ಗಣಿತಜ್ಞರೆದುರು ಚತುರಾಯಾಮದ ಘನಾಕೃತಿಗಳನ್ನು ಕುರಿತು ಉಪನ್ಯಾಸವಿತ್ತ. ಪತ್ರಿಕೆಗಳು ಕುಣಿದಾಡಿದವು. ಆತ ದೊಡ್ಡವನಾದ ಮೇಲೆ ಬಯಸಿದ್ದೇನು ಬಲ್ಲಿರಾ? ಯಾರೂ ಗುರುತಿಸದ ಒಂದು ಕಚೇರಿ, ಅಲ್ಲಿ ಕೂಡುವ ಯಂತ್ರವನ್ನು ಒತ್ತುವ ಅಲ್ಪ ಸಂಬಳದ ಕೆಲಸ. ಬಿಡುವಿನಲ್ಲಿ ಟ್ರಾಮ್ ಬಂಡಿಯ ಚೀಟಿಗಳನ್ನು ಸಂಗ್ರಹಿಸಿ, 1926ರಲ್ಲಿ ಅದರ ಮೇಲೊಂದು ದಪ್ಪ ಪುಸ್ತಕವನ್ನು ಬೇರೆ ಹೆಸರಿನಲ್ಲಿ ಬರೆದ. 1944ರಲ್ಲಿ ತೀರಿಕೊಂಡಾಗ ಐವತ್ತೂ ತುಂಬಿರಲಿಲ್ಲ. ಟ್ರಾಮ್ ಚೀಟಿಯ ಪುಸ್ತಕವನ್ನು ನೀವು ಮರುಕದಿಂದ ನೋಡುತ್ತೀರಿ. ನನಗೋ, ಅವನ ಜೀವಮಾನದಲ್ಲಿ ಇನ್ನೊಬ್ಬರ ಅಪ್ಪಣೆಯಿಲ್ಲದೆ ನಡೆದ ಅಧ್ಯಯನ ಅದೊಂದೇ ಎಂದು ತೋರುತ್ತದೆ.

ನಾನು: ನಮ್ಮ ಊರಿನ ಶಕುಂತಲಾದೇವಿಯವರು?

ಅಬ್ಯಾಕಸ್: ಆಕೆಯ ಪ್ರಸ್ತಾಪ ಬೇಡವಾಗಿತ್ತು. 1980ರ ಜೂನಿನಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರು. ಸರ್ಕಸ್ಸಿನವರ ಮಗಳು, ಕ್ರಮವಾದ ಶಾಲೆಯನ್ನು ಕಂಡವರಲ್ಲ, ಯಾವ ಹಂತದ ಪ್ರಮಾಣಪತ್ರವೂ ಅವರಲ್ಲಿರಲಿಲ್ಲ. ಇಂಥ ಉದಾಹರಣೆಗಳು ನಮ್ಮ ವ್ಯಾಪಾರಕ್ಕೆ ಹಿತವಲ್ಲ.

ನಾನು: ಈ ಕೊಠಡಿಯಲ್ಲಿಯೇ ಅಂಥವರು ಯಾರೂ ಕಾಣಿಸಲಿಲ್ಲವೆ?

ಅಬ್ಯಾಕಸ್: ಹುಡುಗಿಯೊಬ್ಬಳಿದ್ದಳು. ಎಲ್ಲರೂ ಹತ್ತು ಸಾಲುಗಳನ್ನು ಮುಗಿಸುತ್ತಿದ್ದಾಗ ಒಂದಕ್ಕೆ ಮೂರು, ಅದಕ್ಕೆ ಐದು, ಅದಕ್ಕೆ ಏಳು ಎಂದು ಬೆಸಸಂಖ್ಯೆಗಳನ್ನೇ ಸೇರಿಸುತ್ತ ಕುಳಿತು, ನಾಲ್ಕು, ಒಂಬತ್ತು, ಹದಿನಾರು ಎಂದು ವರ್ಗಸಂಖ್ಯೆಗಳೇ ಬರುತ್ತಿರುವುದನ್ನು ಕಂಡು ಬೆರಗಾಗಿ ಕೈಯನ್ನು ಹಾಗೆಯೇ ನಿಲ್ಲಿಸಿಬಿಟ್ಟಳು. ಆ ತಿಂಗಳ ವರದಿಯಲ್ಲಿ ‘ಏಕಾಗ್ರತೆ ಸಾಲದು’ ಎಂದು ಬರೆದು ಮನೆಗೆ ಕಳುಹಿಸಿದರು.

ಕೆಳಗಿನ ಮೆಟ್ಟಿಲುಗಳಲ್ಲಿ ಮುಂದಿನ ತಂಡದ ಪಾದರಕ್ಷೆಗಳ ಸದ್ದಾಗುತ್ತಿದ್ದುದರಿಂದ, ತಮ್ಮ ಶಿಷ್ಯರಲ್ಲಿ ತಮಗೆ ತೃಪ್ತಿ ತಂದ ಪ್ರಸಂಗವೊಂದನ್ನು ಹೇಳಿ ಮುಗಿಸಬೇಕೆಂದು ಬೇಡಿದೆನು.

ಅಬ್ಯಾಕಸ್: ಹೋದ ತಿಂಗಳು ಒಂದು ಮಗು ಪದಕ ಗೆದ್ದಿತು. ತಂದೆಯವರು ಸಂತೋಷದಿಂದ ಮುಂದಿನ ಹಂತಕ್ಕೆ ಹಣ ಕಟ್ಟಲು ಬಂದರು. ಶುಲ್ಕ ಹನ್ನೆರಡು ಸಾವಿರ. ಅದರ ಮೇಲೆ ಶೇಕಡ 18ರ ಜಿಎಸ್‌ಟಿ. ಅವರು ಜೇಬಿನಿಂದ ಮೊಬೈಲನ್ನು ತೆಗೆದು, ಕನ್ನಡಕವನ್ನು ಹಣೆಗೇರಿಸಿ, ಒಂದೊಂದೇ ಅಂಕಿಯನ್ನು ಒತ್ತತೊಡಗಿದರು.

ನಾನು: ಮಗು ಪಕ್ಕದಲ್ಲಿಯೇ ಇತ್ತಲ್ಲವೆ?

ಅಬ್ಯಾಕಸ್: ಇತ್ತು. ಹದಿನಾಲ್ಕು ಸಾವಿರದ ನೂರ ಅರವತ್ತು ಎಂದು ಹೇಳಿಯೂ ಹೇಳಿತು. ಸುಮ್ಮನಿರು, ಲೆಕ್ಕ ತಪ್ಪಿಹೋಗುತ್ತದೆ ಎಂದು ತಂದೆಯವರು ಗದರಿಸಿದರು.